ತಿಸ್ರಾ ಮಜಲಾದ ಶಾಲಿನಿ

ಜನವರಿ 6, ಸೋಮವಾರ. ಸಂಜೆ

ಏಳು ಹೊಡೆಯಿತು, ಅವಳು ಬಂದಳು. ಟಿವಿಯ ಶಾಲಿನಿ. ಮೂವತ್ತು ವರ್ಷದ ಹಳೆಯ ಮರಾಠಿ ಸೀರಿಯಲ್ಲು, 'ತಿಸ್ರಾ ಮಜಲಾ', ಅಂದರೆ ಮೂರನೆಯ ಮಹಡಿ. ನಗಿಸುವುದಂತೆ. ಪುಣೆಯ ಈ ಭೋಸರಿಯಲ್ಲಿ ಅರ್ಧ ಜನ ಈಗಲೂ ನೋಡುತ್ತಾರೆ. ಆಗ ಹುಟ್ಟಿರದ ಹುಡುಗರೂ ಅವಳ ಮಾತು ಅಚ್ಚಾದ ಟಿ-ಶರ್ಟು ತೊಟ್ಟು ತಿರುಗುತ್ತಾರೆ. ನನ್ನ ಹಲ್ಲು ಉದುರಿದವು, ಅವಳ ಲಿಪ್‌ಸ್ಟಿಕ್ಕು ಅಳಿಯಲಿಲ್ಲ.

ಅವಳು ತನ್ನ ಗಂಡನನ್ನು "ಅಹೋ!" ಎಂದು ಕೂಗಿದರೆ ನಮ್ಮ ಮನೆಯವರು ಖುರ್ಚಿಯಿಂದ "ಬಂದೆ" ಅನ್ನುತ್ತಾರೆ. ಈ ಭೀಮವ್ವ ಹತ್ತು ಸಲ "ಏನ್ರೀ" ಎಂದರೂ ಗೋಡೆ ನೋಡುತ್ತಾರೆ. ನೆನಪು ಹೋಗುವ ಬೇನೆ. ಎರಡು ವರ್ಷವಾಯಿತು. ಅವಳು ಬಂದಾಗ ಮಾತ್ರ ಬಾಯಿ ತೆರೆಯುತ್ತಾರೆ. ಆಗಲೇ ತುತ್ತು ಹಾಕಬೇಕು.

ಜನವರಿ 9

ಮೊಮ್ಮಗಳು ಮುಕ್ತಾ ಡಾಕ್ಟರರನ್ನು ಕೇಳಿ ಬಂದಳು. "ಅಜ್ಜಿ, ಅಜ್ಜಾಗ ಹೆಸರು ಹಿಡದು ಕರೀಬೇಕಂತ. ಸ್ವಂತ ಹೆಸರು ಕಡೀತನಕ ಉಳೀತದಂತ."

"ಗಂಡನ ಹೆಸರು ಹಿಡದು? ನಿನ್ನ ಡಾಕ್ಟರಗ ತಲಿ ಸರಿ ಅದ ಏನ?"

"ನಾ ಕರದೆ, ಓ ಅನ್ನಲಿಲ್ಲ. ನೀ ಕರದ್ರ ಅಂದಾರು."

ಬಾಗಿಲು ಹಾಕಿ ಬಾಯಿ ತೆರೆದೆ. ಬರಲಿಲ್ಲ. ಐವತ್ತು ವರ್ಷ ಒಳಗೇ ಇಟ್ಟ ಹೆಸರು.

ಜನವರಿ 14, ಸಂಕ್ರಾಂತಿ

ಉಪಾಯ ಹೊಳೆಯಿತು. ಒಡಪಿನಲ್ಲಿ ಹೇಳಬಹುದಲ್ಲ! ಒಡಪು ಕಟ್ಟಿ ಗಂಡನ ಹೆಸರು ಹೇಳಿದರೆ ತಪ್ಪಿಲ್ಲ. ಮದುವೆಯಾಗಿ ಪುಣೆಗೆ ಬಂದ ವರ್ಷ ಅರಿಷಿಣ-ಕುಂಕುಮದಲ್ಲಿ ಹೇಳಿದ್ದು ನೆನಪಿತ್ತು. ಕಾರ್ಖಾನೆಯ ಸೈರನ್ನು, ಭೋಂಗಾ, ಊದಿದ ಮೇಲೆ ಇವರು ಮನೆಗೆ ಬರುತ್ತಿದ್ದ ಕಾಲ. ಅಂದು ಬಾಗಿಲಾಚೆ ನಿಂತು ಕೇಳಿ ಇವರ ಕಿವಿ ಕೆಂಪಾಗಿದ್ದವು.

ಇಳಕಲ್ ಸೀರೆ ಉಟ್ಟೆ. ಟಿವಿಗೆ ಅಡ್ಡ ನಿಂತೆ.

"ಭೋಸರಿ ಭೋಂಗಾ ಊದಿತು, ಎದ್ದು ನಿಂತರು ನೆರೆಯವರು,
ಬಾಗಿಲ ಬಿಡ್ರೆವ್ವಾ, ಬಂದರು ನಮ್ಮ ಮುರುಗೆಪ್ಪನವರು."

ತಲೆ ಎತ್ತಿದರು!

"ಚೂರು ಸರೀರಿ, ಬಾಯಾರ," ಅಂದರು. ಪರರ ಮನೆಯ ಹೆಂಗಸಿಗೆ ಕೊಡುವ ಮರ್ಯಾದೆ. "ಶಾಲಿನಿ ಕಾಣವಲ್ಲಳು."

ಸರಿದೆ.

ಜನವರಿ 27

ಸೀರಿಯಲ್ಲು ಮುಗಿಯಿತು. ಜನ ಮತ್ತೆ ಬೇಕೆಂದು ಗದ್ದಲ ಹಾಕಿದ್ದಾರೆ, ಮುಂದಿನ ತಿಂಗಳು ಮೊದಲಿನಿಂದ ಹಾಕುತ್ತಾರಂತೆ. ಅಲ್ಲಿತನಕ? ಗಂಜಿ ಮುಂದೆ ಹಿಡಿದರೆ ತುಟಿ ಬಿಗಿಯುತ್ತಾರೆ. ಮುಕ್ತಾ ಫೋನಿನಲ್ಲಿ ಹಾಕಿ ತೋರಿಸಿದಳು. ಅಷ್ಟು ಸಣ್ಣ ಹೆಂಗಸು ಅವರ ಕಣ್ಣಿಗೆ ಹತ್ತಲಿಲ್ಲ.

"ಅಜ್ಜಿ, ನೀನ ಒಮ್ಮೆ ಆಕೀ ಹಂಗ ಕೂಗು."

"ನಾ ಯಾಕ ಕೂಗಲಿ, ಆ ಬಣ್ಣದ ಬೊಂಬಿ ಹಂಗ?"

ಜನವರಿ 29

ಬರೀ ನೀರು. ಇವತ್ತು ಅದೂ ಬೇಡವೆಂದರು.

ಹಿಂದೆ ನಿಂತು ಕೂಗಿದೆ. ಅವಳದೇ ರಾಗ. "ಅಹೋ!"

"ಬಂದೆ, ಶಾಲಿನಿ."

ತಿರುಗಿದರು. ನನ್ನ ಮುಖ ನೋಡಿ ನಕ್ಕರು. ಬಟ್ಟಲು ತುಂಬ ಗಂಜಿ ಕುಡಿದರು, ನನ್ನ ಕೈ ಬಿಡಲಿಲ್ಲ.

"ನಿಂದು ಊಟ ಆತೇನ, ಶಾಲಿನಿ?"

ಇಷ್ಟು ವರ್ಷದಲ್ಲಿ ನನ್ನನ್ನು ಹಾಗೆ ಕೇಳಿದವರಲ್ಲ.

ಆತು, ಅಂದೆ. ಭೀಮವ್ವನದು ಇನ್ನೂ ಆಗಿಲ್ಲ.