ಗೋಲಿನಲ್ಲಿ ಭಾಮೈದ

ಹೊಲಿಗೆ ಅಂಗಡಿಯಿಂದ,
ಜನವರಿ ೧೬, ಗುರುವಾರ ಬೆಳಿಗ್ಗೆ

ಪ್ರೀತಿಯ ಅಳಿಯಂದಿರಿಗೆ ನಿಮ್ಮ ಅತ್ತೆಯ ಆಶೀರ್ವಾದಗಳು.

ಆರೋಗ್ಯವಾಗಿದ್ದೀರಾ? ಫುಟ್‌ಬಾಲ್ ಶಿಬಿರದ ಹಾಸ್ಟೆಲ್ಲಿನಲ್ಲಿ ಸ್ನಾನಕ್ಕೆ ಬಿಸಿನೀರು ಬರುತ್ತದೆಯೋ ಇಲ್ಲವೋ ಎಂದು ನಿಮ್ಮ ಹೆಂಡತಿ ನನ್ನನ್ನು ಕೇಳುತ್ತಲೇ ಇದ್ದಾಳೆ, ನನಗೇನೋ ಗೊತ್ತಿರುವಂತೆ. ಖಾಲಿ ಹೊಟ್ಟೆಗೆ ಚಹಾ ಸುರಿದುಕೊಂಡು ಮೈದಾನಕ್ಕೆ ಓಡಬೇಡಿ. ಆಮೇಲೆ ಎದೆಯುರಿ ಎಂದು ಮುಖ ಸಿಂಡರಿಸಿಕೊಂಡು ಕೂರುವವರು ನೀವೇ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಅಂದರೆ ಯಾರೂ ಹಾಸಿಗೆ ಹಿಡಿದಿಲ್ಲ. ನಿಮ್ಮ ಮಾವನವರ ರಕ್ತದೊತ್ತಡ ಮಾತ್ರೆಯ ಮಾತು ಕೇಳುತ್ತಿದೆ, ಭಾನುವಾರ ಒಂದನ್ನು ಬಿಟ್ಟು. ನಿಮ್ಮ ಹೆಂಡತಿ ಶಾಲೆಯಿಂದ ಉತ್ತರಪತ್ರಿಕೆಗಳನ್ನು ಹೊತ್ತು ತಂದು ತಿದ್ದುತ್ತಿದ್ದಾಳೆ. ತಂಡ ಸೋತ ವಾರ ಮಕ್ಕಳಿಗೆ ಅಂಕ ಕಡಿಮೆ ಬೀಳುತ್ತದೆ ಎಂದು ನನ್ನ ಅನುಮಾನ. ಪಾಪ, ಆ ಮಕ್ಕಳು ಪಾಸಾಗಬೇಕಾದರೆ ಮೊದಲು ನೀವು ಗೆಲ್ಲಬೇಕು.

ಆಟಗಾರರ ಫೋನುಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದಿದ್ದೀರಂತೆ, ಕೋಚ್ ಆದ ನಿಮ್ಮದನ್ನೂ ಸೇರಿಸಿ. ಒಳ್ಳೆಯ ಕೆಲಸವೇ. ಆದರೆ ಹೇಳಬೇಕಾದದ್ದು ಹೊಟ್ಟೆಯಲ್ಲಿ ಇಟ್ಟುಕೊಂಡವರು ಏನು ಮಾಡಬೇಕು? ಅದಕ್ಕೇ ಈ ಕಾಗದ. ಕ್ಲಬ್ಬಿನ ವ್ಯಾನಿನವನು ಎಂದಿನಂತೆ ಮಧ್ಯಾಹ್ನ ಹರಿದ ಜರ್ಸಿಗಳ ಗಂಟು ತಂದು ಹಾಕಿ, ಸಂಜೆ ಹೊಲಿದದ್ದನ್ನು ಒಯ್ಯುತ್ತಾನೆ. ಅವನ ಕೈಯಲ್ಲೇ ಕೊಡುತ್ತೇನೆ. ಒಬ್ಬರೇ ಕೂತು ಓದಿ.

ಇನ್ನು ನಿಮ್ಮ ಕಾನೂನು. "ಮನೆಯೊಳಗೆ ಆಟದ ಮಾತು ಬೇಡ" ಎಂದು ನೀವು ಮದುವೆಯಾದ ಹೊಸದರಲ್ಲಿ ಮಾಡಿದ್ದು. ಆಫ್‌ಸೈಡ್ ಹೌದೋ ಅಲ್ಲವೋ ಎಂದು ನಾವಿಬ್ಬರೂ ಊಟದ ನಡುವೆ ಜಟಾಪಟಿಗೆ ಬಿದ್ದು, ಉಪ್ಪಿನ ಡಬ್ಬಿಯನ್ನು ಡಿಫೆಂಡರ್ ಮಾಡಿ, ನೀರಿನ ಲೋಟವನ್ನು ಫಾರ್ವರ್ಡ್ ಮಾಡಿ, ಕೊನೆಗೆ ಆ ಫಾರ್ವರ್ಡ್ ನಿಮ್ಮ ತಟ್ಟೆಯಲ್ಲಿ ಮಗುಚಿಕೊಂಡ ದಿನ ಅದು ಜಾರಿಗೆ ಬಂತು. ಅವತ್ತಿನಿಂದ ಬಾಯಿಗೆ ಹೊಲಿಗೆ ಹಾಕಿಕೊಂಡಿದ್ದೇನೆ. ನೀವು ಹುಟ್ಟುವ ಮೊದಲಿನಿಂದ ಈ ತಂಡದ ಆಟ ನೋಡುತ್ತಾ ಬಂದವಳು ನಾನು. ನೀವು ಸೋತು ಮನೆಗೆ ಬಂದಾಗ ಬಡಿಸುತ್ತಾ ನಿಂತು, "ಇನ್ನೊಂದ್ ಸ್ವಲ್ಪ ಹಾಕ್ಲಾ?" ಎಂದಷ್ಟೇ ಕೇಳುವುದು ಎಂಥ ಶಿಕ್ಷೆ ಎಂದು ನಿಮಗೆ ತಿಳಿಯದು. ಆದರೆ ಇದು ಮನೆಯಲ್ಲ, ಅಂಗಡಿ. ಕಾಗದದಲ್ಲಿ ಬರೆದದ್ದು ಮಾತೂ ಅಲ್ಲ. ಕಾನೂನಿಗೆ ಧಕ್ಕೆಯಾಗಿಲ್ಲ ಎಂದುಕೊಂಡು ಮುಂದೆ ಓದಿ.

ಅರ್ಧ ಸೀಸನ್ ಮುಗಿಯಿತು. ಹನ್ನೆರಡು ತಂಡಗಳಲ್ಲಿ ನಾವು ಹನ್ನೊಂದನೆಯವರು. ಕೊನೆಯ ಇಬ್ಬರಿಗೆ ಕೆಳದರ್ಜೆಯ ದಾರಿ. ನಮಗಿಂತ ಕೆಳಗೆ ಇರುವ ಒಂದೇ ತಂಡ ಈ ಭಾನುವಾರ ನಮ್ಮ ಮೈದಾನಕ್ಕೆ ಬರುತ್ತಿದೆ. ಗೆದ್ದರೆ ಅವರೂ ನಮ್ಮನ್ನು ದಾಟಿ ಹೋಗುತ್ತಾರೆ. ಇಷ್ಟಾದರೂ ನಾನು ಆಸೆ ಬಿಟ್ಟಿಲ್ಲ. ಶುರುವಿನ ಪಂದ್ಯಗಳಲ್ಲಿ ಅಷ್ಟು ಚೆನ್ನಾಗಿ ಆಡಿದವರು ಇದೇ ಹುಡುಗರಲ್ಲವೇ? ಅವತ್ತು ಕಾಲಿನಲ್ಲಿ ಇದ್ದದ್ದು ಇವತ್ತು ಎಲ್ಲಿ ಹೋಯಿತು?

ನಿಮ್ಮ ಕ್ಯಾಪ್ಟನ್, ಆ ಬ್ಯಾಂಕಿನವನು, ಚೆಂಡು ಸಿಕ್ಕಿತೆಂದರೆ ಸಹಿ ಸರಿಯಿದೆಯೇ ಎಂದು ನೋಡುವಂತೆ ತಿರುಗಿಸಿ ತಿರುಗಿಸಿ ನೋಡುತ್ತಾನೆ. ಅಷ್ಟರಲ್ಲಿ ಎದುರಿನವರು ನಾಲ್ಕು ಜನ ಸುತ್ತುವರಿದಿರುತ್ತಾರೆ. ಎಡಗಡೆ ಡಿಫೆನ್ಸಿನ ಪೇಂಟರ್ ಮೇಲೆ ಹೋದರೆ ಹಿಂದಕ್ಕೆ ಬರುವುದೇ ಇಲ್ಲ, ಯಾರೋ ಏಣಿ ತೆಗೆದುಬಿಟ್ಟರು ಎಂಬಂತೆ ಅಲ್ಲೇ ನಿಲ್ಲುತ್ತಾನೆ. ಮಧ್ಯದಲ್ಲಿ ಆಡುವ ಅವಳಿ ಅಣ್ಣತಮ್ಮಂದಿರಂತೂ ಇವನು ಅವನಿಗೆ, ಅವನು ಇವನಿಗೆ. ಉಳಿದವರೆಲ್ಲ ಕರೆಯದೆ ಬಂದ ನೆಂಟರು. ನಿಮಗೂ ಒಂದು ಮಾತಿದೆ, ಬೇಸರ ಮಾಡಿಕೊಳ್ಳಬೇಡಿ. ಒಂದು ಗೋಲ್ ಹೊಡೆದ ಕೂಡಲೇ ಎಲ್ಲರನ್ನೂ ಹಿಂದಕ್ಕೆ ಕರೆದು ಬಾಗಿಲು ಹಾಕಿಕೊಂಡು ಕೂರುತ್ತೀರಲ್ಲ, ಅದೇಕೆ? ಮೂರು ಪಂದ್ಯ ಹಾಗೇ ಕೈಬಿಟ್ಟವು. ನನ್ನ ಪಕ್ಕ ಕೂರುವ ಕ್ಷೌರದ ಅಂಗಡಿಯವನು, "ನಿಮ್ ಅಳಿಯ ಗೆಲ್ಲೋಕೆ ಆಡಲ್ಲ ಅಮ್ಮಾ, ಸೋಲ್ಬಾರ್ದು ಅಂತ ಆಡ್ತಾರೆ" ಎಂದ. ನಾನು ಮೈಯೆಲ್ಲ ಉರಿದು ಅವನ ಮೇಲೆ ಹರಿಹಾಯ್ದೆ. ಮನೆಗೆ ಬರುವ ದಾರಿಯಲ್ಲಿ ಅವನು ಹೇಳಿದ್ದು ಸರಿಯೆನಿಸಿತು.

ಇದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಕ್ಲಬ್ಬಿನ ಸೆಕ್ರೆಟರಿ ಸೋಮವಾರ ಪ್ಯಾಂಟಿನ ಅಳತೆ ಕೊಡಲು ಅಂಗಡಿಗೆ ಬಂದಿದ್ದರು. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕಾಲ ಬುಡದಲ್ಲಿ ಕೂತಿದ್ದೆ. ಮಾತಾಡಲಾರೆ ಎಂದು ಗೊತ್ತಿದ್ದೇ ಆ ಹೊತ್ತು ನೋಡಿ ಶುರುಮಾಡಿದರು: "ಭಾನುವಾರನೂ ಹೀಗೇ ಆದ್ರೆ ಬೇರೆಯವ್ರನ್ನ ನೋಡ್ಬೇಕಾಗತ್ತೆ. ಮನೆಯವ್ರು ಅಂತ ನಿಮಗೆ ಮೊದಲೇ ಹೇಳ್ತಿದ್ದೀನಿ, ಬೇಜಾರ್ ಮಾಡ್ಕೋಬೇಡಿ." ನಾನು ತಲೆ ಎತ್ತಲಿಲ್ಲ. ಅವರ ಸೊಂಟದ ಅಳತೆಯನ್ನು ಸ್ವಲ್ಪ ಬಿಗಿಯಾಗಿಯೇ ಹಿಡಿದಿದ್ದೇನೆ, ಕೂತಾಗಲೆಲ್ಲ ನನ್ನ ನೆನಪಾಗಲಿ. ಆದರೆ ಅವರು ಹೋದ ಮೇಲೆ ಹೊಲಿಗೆ ಬದಿಗಿಟ್ಟು ಲೆಕ್ಕ ಹಾಕಿದೆ. ನಿಮ್ಮ ಕೆಲಸ ಹೋದರೆ ನೀವು ಬೇರೆ ಊರಿನ ತಂಡ ಹುಡುಕಿಕೊಂಡು ಹೋಗುತ್ತೀರಿ, ನನ್ನ ಮಗಳು ನಿಮ್ಮ ಹಿಂದೆ ಹೊರಡುತ್ತಾಳೆ. ನೀವು ಮನೆಗೆ ಬಂದ ಮೇಲೆ ನನಗೆ ಇನ್ನೊಬ್ಬ ಮಗ ಸಿಕ್ಕಿದ ಹಾಗಾಗಿತ್ತು. ಎದುರಿಗೆ ಇದನ್ನು ಹೇಳಿಲ್ಲ, ಹೇಳುವ ಸಂಪ್ರದಾಯ ನಮ್ಮಲ್ಲಿ ಯಾರಿಗೂ ಇಲ್ಲ. ಸೆಕ್ರೆಟರಿ ಬಂದುಹೋದದ್ದನ್ನು ಮಗಳಿಗೆ ತಿಳಿಸಿಲ್ಲ. ನಿಮಗೆ ತಿಳಿದಿರಲಿ.

ಇಷ್ಟೆಲ್ಲ ಬರೆದು ಒಬ್ಬನನ್ನು ಬಿಟ್ಟಿದ್ದೇನೆ ಎಂದು ನಿಮಗೂ ಕಾಣುತ್ತಿರಬೇಕು. ನನ್ನ ಮಗ. ನಿಮ್ಮ ಭಾಮೈದ.

ಜನ ಅವನಿಗೆ ಗೋಡೆ ಎಂದು ಹೆಸರಿಟ್ಟ ವರ್ಷ ನಾನು ಬೀದಿಯಲ್ಲಿ ತಲೆ ಎತ್ತಿಕೊಂಡು ನಡೆದಿದ್ದೇನೆ. ಹೋದ ಪಂದ್ಯದಲ್ಲಿ ಆ ಜನವೇ "ಗೋಡೆ ಕೆಡವ್ರೀ, ಭಾವನ ಮನೆ ಗೋಡೆ!" ಎಂದು ಒಂದೇ ಸಮನೆ ಕೂಗಿದರು. ನಿಮ್ಮ ಮಾವನವರು ಮಗ ಗೋಲಿನಲ್ಲಿ ನಿಂತಂದಿನಿಂದ ಮೈದಾನದೊಳಗೆ ಕಾಲಿಟ್ಟವರಲ್ಲ, ಅದು ನಿಮಗೆ ಗೊತ್ತು. ಹೊರಗೆ ಸೈಕಲ್ ಸ್ಟ್ಯಾಂಡಿನಲ್ಲಿ ನಿಂತು ಗದ್ದಲ ಕೇಳಿಯೇ ಗೋಲ್ ಯಾರದು ಎಂದು ಹೇಳುವವರು. ಅವತ್ತು ಈ ಕೂಗು ಕೇಳಿ ಪಂದ್ಯ ಮುಗಿಯುವ ಮೊದಲೇ ಅಂಗಡಿಗೆ ಬಂದು, ಗಿರಾಕಿಗಳ ಕುರ್ಚಿಯಲ್ಲಿ ಕೂತುಬಿಟ್ಟಿದ್ದರು. ನಾನು ಬಂದಾಗ "ನಮ್ಮವ್ರೇ ಹೀಗಂದ್ರಲ್ಲೇ" ಎಂದರು.

ಕೂಗಿದವರು ಕೆಟ್ಟವರು, ಆದರೆ ಕುರುಡರಲ್ಲ. ಈಚೆಗೆ ಅವನು ಬಿಟ್ಟ ಗೋಲುಗಳೆಲ್ಲ ಹೆಚ್ಚುಕಡಿಮೆ ಒಂದೇ ಕಡೆ ಹೋಗಿವೆ, ಅವನ ಬಲಗಡೆ, ಮೇಲೆ. ಹಿಂದೆ ನೊಣ ಓಡಿಸಿದಂತೆ ತಳ್ಳುತ್ತಿದ್ದ ಚೆಂಡುಗಳವು. ಈಗ ಕತ್ತು ತಿರುಗಿಸಿ ಬಲೆಗೆ ಬೀಳುವುದನ್ನು ನೋಡುತ್ತಾ ನಿಲ್ಲುತ್ತಾನೆ. ನಿದ್ದೆಗೆಟ್ಟು ಆಡುತ್ತಾನೆ ಎಂದು ಕ್ಷೌರದವನು, ಯಾವುದೋ ಹುಡುಗಿಯ ಗುಂಗು ಎಂದು ಅವನ ಗಿರಾಕಿಗಳು. ಕಣ್ಣಿನ ದೋಷವಿರಬೇಕು ಎಂದು ನಾನೂ ಒಮ್ಮೆ ಅಂದೆ. ಅಂಗಡಿಯ ಬಾಗಿಲಲ್ಲೇ ನಿಂತು ಎದುರಿನ ಔಷಧಿ ಅಂಗಡಿಯ ಬೋರ್ಡನ್ನು ಕೊನೆಯ ಸಣ್ಣ ಅಕ್ಷರದವರೆಗೂ ಓದಿ ನನ್ನ ಬಾಯಿ ಮುಚ್ಚಿಸಿದ. ಹೊರ ಊರಿನಲ್ಲಿ ಆಡಿದ ಆ ಪಂದ್ಯದಲ್ಲಿ ಚೆಂಡಿಗೆ ಹಾರಿ ಗೋಲಿನ ಕಂಬಕ್ಕೆ ಅಪ್ಪಳಿಸಿದನಲ್ಲ, ಎದ್ದು ಮಣ್ಣು ಕೊಡವಿಕೊಂಡು ನಮ್ಮ ಕಡೆ ನಕ್ಕನಲ್ಲ, ಅಲ್ಲಿಂದಲೇ ಹೀಗೆ. ಎದೆಗುಂದಿದ್ದಾನೆ, ಹಾರಲು ಹೆದರುತ್ತಿದ್ದಾನೆ ಎಂದು ನನ್ನ ಲೆಕ್ಕ.

ಇದನ್ನು ಅವನಿಗೆ ಹೇಳಬೇಕಾದವರು ನೀವು. ಆದರೆ ನೀವು ಹೇಳುವುದಿಲ್ಲ. ಅಭ್ಯಾಸದ ಹೊತ್ತಿನಲ್ಲಿ ನಾನು ಬೇಲಿಯ ಆಚೆ ನಿಂತು ನೋಡಿದ್ದೇನೆ. ಹತ್ತೂ ಜನರನ್ನು ಹೆಸರು ಹಿಡಿದು ಬೈಯುತ್ತಾ ಬರುತ್ತೀರಿ, ಗೋಲಿನ ಹತ್ತಿರ ಬಂದ ಕೂಡಲೇ ಕೈಗಡಿಯಾರ ನೋಡಿಕೊಂಡು ಹಿಂದಿರುಗುತ್ತೀರಿ. ಕಷ್ಟ ನನಗೆ ಅರ್ಥವಾಗುತ್ತದೆ. ಬೈದರೆ ಹೆಂಡತಿಯ ತಮ್ಮನನ್ನು ಬೈದ ಎನ್ನುತ್ತಾರೆ, ಹೊಗಳಿದರೆ ಹೆಂಡತಿಯ ತಮ್ಮನನ್ನು ಹೊಗಳಿದ ಎನ್ನುತ್ತಾರೆ. ಹೊರಗೆ ಕೂರಿಸಿದರೆ ಅತ್ತೆಯ ಮುಖ ನೋಡಿಕೊಂಡು ಊಟ ಮಾಡುವುದು ಹೇಗೆ ಎಂದು ನಿಮಗೆ ಅಳುಕು. ಅವನೂ ಕಡಿಮೆಯವನಲ್ಲ. ಅವನ ಅಕ್ಕ ಒಂದು ದಿನ ಮೆಲ್ಲಗೆ ಕೆದಕಿದ್ದಕ್ಕೆ, "ಭಾವಂಗೆ ಈಗಾಗ್ಲೇ ಸಾಕಷ್ಟಿದೆ, ನನ್ ತಲೆನೋವ್ ಬೇರೆ ಯಾಕೆ?" ಎಂದು ಎದ್ದು ಹೋದನಂತೆ. ಹೀಗೆ ಒಬ್ಬರನ್ನೊಬ್ಬರು ಕಾಪಾಡಿಕೊಳ್ಳುತ್ತಾ ಇಬ್ಬರೂ ಮುಳುಗುತ್ತಿದ್ದೀರಿ, ತಂಡವನ್ನೂ ಜೊತೆಗೆ ಎಳೆದುಕೊಂಡು. ಅತ್ತ ಎರಡನೆಯ ಗೋಲಿ, ಆ ಉದ್ದನೆಯ ಹುಡುಗ ಲಂಬು, ಮೂರು ಸೀಸನ್ನಿನಿಂದ ಬೆಂಚಿನ ಮೇಲೆ ಮೊಣಕಾಲು ಮಡಚಿಕೊಂಡು ಕೂತಿದ್ದಾನೆ. ಪಾಪ, ಅವನಿಗೆ ಚೆಂಡು ಹಿಡಿಯಲು ಬರುತ್ತದೆಯೋ ಇಲ್ಲವೋ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಇಲ್ಲಿ ಒಂದು ವಾಕ್ಯ ಬರೆಯಬೇಕೆಂದು ಕೂತೆ. ಬರೆಯಲಾಗಲಿಲ್ಲ. ಕಟ್ಟೆಯ ಮೇಲೆ ಕೂತು ನೋಡುವವಳಿಗೆ ಅದು ಸುಲಭ, ಹೆತ್ತವಳಿಗೆ ಅಲ್ಲ. ಅವನನ್ನು ಆ ಎರಡು ಕಂಬಗಳ ನಡುವಿನಿಂದ ಹೊರಗೆ ಕರೆದರೆ ಅವನಲ್ಲಿ ಇನ್ನೇನು ಉಳಿಯುತ್ತದೆ ಎಂದು ಭಯ. ಅಲ್ಲೇ ನಿಲ್ಲಿಸಿದರೆ ಭಾನುವಾರ ಸಂಜೆ ಜನ ಅವನನ್ನೂ ನಿಮ್ಮನ್ನೂ ಏನು ಮಾಡುತ್ತಾರೋ ಎಂದು ಅದಕ್ಕಿಂತ ಭಯ. ಗೋಲಿನಲ್ಲಿ ಯಾರು ನಿಲ್ಲಬೇಕು ಎಂಬುದು ಕೋಚ್ ತೀರ್ಮಾನ, ನಾನು ಬಾಯಿ ಹಾಕುವುದಿಲ್ಲ. ಒಂದು ಸಲ ಅವನನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸಿ. ಕೋಚ್ ಆಗಿ ಮಾತಾಡಿಸಿ, ಭಾವನಾಗಿ ಅಲ್ಲ. ಅಷ್ಟೇ ನನ್ನ ಕೋರಿಕೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಪೇಂಟರನ ಕಾಲಿಗೆ ಹಗ್ಗವಾದರೂ ಕಟ್ಟಿ. ನಿಮ್ಮ ಮಾವನವರು ನಿಮ್ಮನ್ನು ಕೇಳಿದ್ದಾಗಿ ತಿಳಿಸಲು ಹೇಳಿದ್ದಾರೆ, ಹೆಂಡತಿ ಏನೂ ಹೇಳಿಲ್ಲ, ಅಂದರೆ ಬಹಳ ನೆನೆಯುತ್ತಿದ್ದಾಳೆ. ಸೋತರೂ ಗೆದ್ದರೂ ನಿಮಗೆ ಈ ಮನೆಯ ಬಾಗಿಲು ತೆರೆದೇ ಇರುತ್ತದೆ. ಆದರೆ ಗೆದ್ದು ಬನ್ನಿ. ದೇವರು ನಿಮ್ಮೆಲ್ಲರ ಕೈಕಾಲು ಗಟ್ಟಿಯಾಗಿಡಲಿ.

ನಿಮ್ಮ ಒಳಿತನ್ನೇ ಬಯಸುವ,
ಅತ್ತೆ

ತಾ.ಕ.: ಕಾಗದ ಮಡಚಿ ಆಗಿತ್ತು, ಮತ್ತೆ ಬಿಚ್ಚಿದ್ದೇನೆ. ವ್ಯಾನಿನವನು ಮಧ್ಯಾಹ್ನ ಗಂಟು ಇಳಿಸಿ ಹೋಗುವಾಗ ಬಾಗಿಲಲ್ಲಿ ನಿಂತು, "ಗೋಡೆ ಹೇಳ್ದ ಅಮ್ಮಾ, ಅವನ್ ಜರ್ಸಿದು ಬಲಗಡೆ ಭುಜದ ಹೊಲಿಗೆ ಬಿಚ್ಚಿ ಟಿಚ್ ಬಟನ್ ಹಾಕ್ಬೇಕಂತೆ. ಭಾವಂಗೆ ಗೊತ್ತಾಗೋದ್ ಬೇಡ ಅಂದ" ಎಂದ. ಇಷ್ಟು ವರ್ಷ ಹೊಲಿದಿದ್ದೇನೆ, ಅಂಥ ಅಂಗಿ ಕೇಳಿ ಬಂದವರು ಕೈ ಮೇಲೆತ್ತಲಾರದ ರೋಗಿಗಳು ಮಾತ್ರ. ಇವನು ಕಂಬಕ್ಕೆ ಅಪ್ಪಳಿಸಿ ಬಂದಾಗಿನಿಂದ ಮನೆಯಲ್ಲಿ ಬರೀ ಗುಂಡಿಯ ಅಂಗಿ ತೊಡುತ್ತಿದ್ದ. ದೊಡ್ಡ ಸಾಹೇಬನಾದ ಎಂದು ನಾನೇ ನಗಾಡಿದ್ದೆ. ಅವನು ಎದೆಗುಂದಿಲ್ಲ, ಅಳಿಯಂದಿರೇ. ಅವನ ಬಲಗೈ ಮೇಲೇಳುತ್ತಿಲ್ಲ. ಒಂದೇ ಕೈಯಲ್ಲಿ ಗೋಲು ಕಾಯುತ್ತಿದ್ದಾನೆ, ನಿಮಗೆ ಇನ್ನೊಂದು ಚಿಂತೆಯಾಗಬಾರದೆಂದು. ಟಿಚ್ ಬಟನ್ ನಾನು ಹಾಕಿಲ್ಲ. ಗೋಲಿಯ ಜರ್ಸಿ ಕ್ಲಬ್ಬಿನಲ್ಲಿ ಇರುವುದು ಅದೊಂದೇ, ಲಂಬುವಿಗೆ ಬೇಕಾಗುತ್ತದೆಂದು ಯಾರೂ ಎಣಿಸಿರಲಿಲ್ಲ. ತೋಳಿಗೂ ಕೆಳಅಂಚಿಗೂ ಮಿಕ್ಕ ಬಟ್ಟೆ ಸೇರಿಸಿ ಅದನ್ನು ಲಂಬುವಿನ ಅಳತೆಗೆ ಹೊಲಿದು ಗಂಟಿನ ಮೇಲುಗಡೆ ಇಟ್ಟಿದ್ದೇನೆ. ಇದು ಅಮ್ಮನದೇ ಕೆಲಸ ಎಂದು ನನ್ನ ಮಗನಿಗೆ ಹೇಳಿ, ಸಿಟ್ಟು ನನ್ನ ಮೇಲಿರಲಿ, ನಿಮ್ಮಿಬ್ಬರ ನಡುವೆ ಬೇಡ. ಸಂಜೆಯಾಯಿತು, ವ್ಯಾನಿನವನು ಮತ್ತೆ ಬಂದು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದಾನೆ. ಇದೇ ವ್ಯಾನಿನಲ್ಲಿ ನಿಮ್ಮ ಭಾಮೈದನನ್ನು ಹತ್ತಿಸಿ ಮನೆಗೆ ಕಳಿಸಿ. ಬೆಳಿಗ್ಗೆ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ, ಅಂಗಿ ನಾನೇ ತೊಡಿಸುತ್ತೇನೆ.