ನಡುವಿನ ಡಬ್ಬಿಯ ಸೀಲು

ಹುಬ್ಬಳ್ಳಿ
ಬಿಸಿಲ್ದಿಂಗಳ ಮೂವತ್ತೆಂಟನೇ ದಿನ, ೨೧೨೭

ಮುತ್ತಜ್ಜ ಮುರಿಗೆಪ್ಪನವರಿಗೆ, ನಿಮ್ಮ ಮರಿಮೊಮ್ಮಗಳಾದ ಇಂದ್ರವ್ವನ ಮಗಳು ಅಕ್ಕನಾಗಮ್ಮನ ಶರಣು ಶರಣಾರ್ಥಿ. ಅವ್ವ ಕರೆಯುವಂತೆ ನಾನೂ ನಿಮ್ಮನ್ನು ಮುತ್ತಜ್ಜ ಎಂದೇ ಕರೆಯುತ್ತೇನೆ.

ಮೇಲಿನ ತಾರೀಖು ನೋಡಿ ಕನ್ನಡಕ ಒರೆಸಿಕೊಳ್ಳಬೇಡಿ. ನಿಮ್ಮ ತಿಂಗಳುಗಳು ಹೆಚ್ಚೆಂದರೆ ಮೂವತ್ತೊಂದು ದಿನಕ್ಕೆ ಮುಗಿಯುತ್ತವೆ ಎಂದು ಓದಿ ಬಲ್ಲೆ. ನಮ್ಮ ಬೇಸಿಗೆಗೆ ಅಷ್ಟು ಸಾಲದೆಂದು ನಲವತ್ತು ದಿನದ ತಿಂಗಳೊಂದನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇವೆ. ಪತ್ರದಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ, ಕ್ಷಮಿಸಿ. ನಿಮ್ಮ ಕಾಲದ ಪದಗಳನ್ನು ನಾನು ಅಡ್ಡಾದಿಡ್ಡಿ ಬಳಸಿದ್ದರೆ ಅದನ್ನೂ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಸಿಟ್ಟನ್ನು ಮಾತ್ರ ಕ್ಷಮಿಸಿ ಎಂದು ಕೇಳುವುದಿಲ್ಲ. ಅದು ನಿಮಗೇ ಸಲ್ಲಬೇಕಾದದ್ದು.

ಈ ಪತ್ರವನ್ನು ತರುವುದು ಹಿಂದಂಚೆ. ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಮಳೆ, ಚುನಾವಣೆ, ರೋಗ, ಸಾವು, ಸೈಟಿನ ರೇಟು, ಇವುಗಳ ಬಗ್ಗೆ ಒಂದಕ್ಷರ ಬರೆದರೂ ಕಚೇರಿಯವರು ಹರಿದು ಹಾಕುತ್ತಾರೆ. ಮನೆಯ ಸಾಮಾನು ಸರಂಜಾಮಿನ ವಿಷಯಕ್ಕೆ ಮಾತ್ರ ಅನುಮತಿ. ಪಕ್ಕದ ಮನೆಯ ದಾವಲಬಿ ತನ್ನ ಪಾಲಿನ ಪತ್ರದಲ್ಲಿ ಅಜ್ಜಿಗೆ, ನಿಂಬೆ ಉಪ್ಪಿನಕಾಯಿಗೆ ಸಾಸಿವೆ ಎಷ್ಟು ಎಂದು ಕೇಳಿದಳು. ಉತ್ತರ ತರುವ ಅಂಚೆ ಇಲ್ಲವೆಂಬುದು ಕಳಿಸಿದ ಮೇಲೆ ನೆನಪಾಯಿತು. ನಾನು ನನ್ನ ಪತ್ರವನ್ನು ನೀವು ಕೊಳ್ಳಲಿರುವ ಸ್ಪೀಕರುಗಳಿಗಾಗಿ ಖರ್ಚು ಮಾಡುತ್ತಿದ್ದೇನೆ. ಊರಿನವರು ನಕ್ಕರು. ನಗಲಿ.

ಇದು ನಿಮಗೆ ಮುಟ್ಟುವ ಹೊತ್ತಿಗೆ ನೀವು ಎರಡು ಸಲ ಅಂಗಡಿಗೆ ಹೋಗಿ ಬರಿಗೈಲಿ ಬಂದಿರುತ್ತೀರಿ. ಫ್ಲೆಕ್ಸ್ ಪ್ರಿಂಟಿಂಗ್ ದಂಧೆಯ ದುಡ್ಡಿನಲ್ಲಿ ಕಟ್ಟಿಸಿದ ಹೊಸ ಮನೆ, ಹಾಲಿನಲ್ಲಿ ಹೋಮ್ ಥಿಯೇಟರ್ ಬೇಕೆಂಬ ಆಸೆ, ಆದರೆ ಪ್ಯಾಸಿವ್ ಸ್ಪೀಕರ್ ತರುವುದೋ ಆಕ್ಟಿವ್ ತರುವುದೋ ಎಂದು ತಲೆ ಕೆರೆದುಕೊಳ್ಳುತ್ತಿರುತ್ತೀರಿ. ಪ್ಯಾಸಿವ್ ಎಂದರೆ ಕಟ್ಟಿಗೆಯ ಡಬ್ಬಿ, ಒಳಗೆ ಅದುರಿ ದನಿ ಹೊರಡಿಸುವ ಕೋನು, ಅಷ್ಟೇ. ಶಕ್ತಿ ಬರುವುದು ಹೊರಗಿನ ಆಂಪ್ಲಿಫೈಯರಿನಿಂದ, ವೈರಿನ ಮೂಲಕ. ಆಕ್ಟಿವ್ ಆದರೆ ಪ್ರತಿ ಡಬ್ಬಿಯ ಹೊಟ್ಟೆಯಲ್ಲೂ ಅದರದೇ ಆಂಪ್ಲಿಫೈಯರ್. ಆಗ ಮುತ್ತಜ್ಜಿ ಸುವರ್ಣಾ ಅವರು, "ಈಗರ ಗ್ರಾನೈಟ್ ಹಾಕ್ಸೇವಿ. ಅದರ ಮ್ಯಾಲ ವೈರ್ ಹರದಾಡಿದ್ರ ನಾ ಒಲ್ಲೆ ನೋಡ್ರಿ" ಎಂದರಂತೆ. ಅಂಗಡಿಯವನು ವೈರ್‌ಲೆಸ್ ಆಕ್ಟಿವ್ ಸೆಟ್ ತೋರಿಸಿ, ವೈರಿನ ಗೊಡವೆಯೇ ಇಲ್ಲ ಎಂದನಂತೆ. ನಮ್ಮ ಮನೆಯ ಕಥೆಯ ಪ್ರಕಾರ ಮೂರನೇ ಸಲ ಹೋಗಿ ಅದನ್ನೇ ತರುತ್ತೀರಿ. ಮನೆಗೆ ತಂದ ಮೇಲೆ ತಿಳಿಯುತ್ತದೆ, ಐದು ಡಬ್ಬಿಗೂ ಐದು ಕರೆಂಟಿನ ವೈರು ಬೇಕು, ಐದು ಕಡೆ ಪ್ಲಗ್ ಪಾಯಿಂಟ್ ಬೇಕು. ಎಲೆಕ್ಟ್ರಿಷಿಯನ್ ಬಂದು ಹೊಸ ಗೋಡೆ ಕೊರೆಯುತ್ತಾನೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತೆ.

ಸುಳ್ಳು ಹೇಳಬಾರದು. ಕೆಟ್ಟುಹೋಗುವ ಮುನ್ನ ಆ ಸೆಟ್ ಬಹಳ ಚೆನ್ನಾಗಿತ್ತಂತೆ. ಕೋನಿಗೆ ಎಷ್ಟು ಶಕ್ತಿ ಬೇಕೋ ಅಷ್ಟೇ ಕೊಡುವ ಆಂಪ್ಲಿಫೈಯರ್ ಒಳಗೇ ಇದ್ದುದರಿಂದ ದನಿ ಹದವಾಗಿತ್ತು. ದಾವಲಬಿಯ ಮನೆಯಲ್ಲಿ ಎರಡು ಪ್ಯಾಸಿವ್ ಡಬ್ಬಿಗಳಿವೆ, ಹಾಡು ಕೇಳಲು. ಅವಳ ಅಜ್ಜ ಅವಕ್ಕೆ ಹೊಂದದ ಆಂಪ್ಲಿಫೈಯರ್ ಹಾಕಿ ಒಂದರ ಕೋನು ಸುಟ್ಟುಕೊಂಡಿದ್ದ. ಇವತ್ತಿಗೂ ಅವಳ ಹಾಲಿನಲ್ಲಿ ವೈರಿಗೆ ಎಡವದೆ ಒಳಗೆ ಹೋದವರಿಲ್ಲ. ಆದರೆ ಅವಳ ಮನೆಯಲ್ಲಿ ಆಂಪ್ಲಿಫೈಯರ್ ಎಷ್ಟು ಸಲ ಸತ್ತರೂ ಇನ್ನೊಂದನ್ನು ತಂದು ಅದೇ ಡಬ್ಬಿಗಳಿಗೆ ಕಟ್ಟಿದ್ದಾರೆ. ಡಬ್ಬಿಗಳು ಹಾಡುತ್ತಲೇ ಇವೆ.

ನಮ್ಮ ದಿನಚರಿಯನ್ನೂ ನಿಮಗೆ ಹೇಳಬೇಕು, ಇಲ್ಲವಾದರೆ ನನ್ನ ಗೋಳು ಅರ್ಥವಾಗುವುದಿಲ್ಲ. ಬಿಸಿಲೇರಿದ ಮೇಲೆ ಸಂಜೆಯವರೆಗೆ ಇಲ್ಲಿ ಯಾರೂ ಹೊರಗೆ ಕಾಲಿಡುವಂತಿಲ್ಲ. ಅದಕ್ಕೆ ಒಳಹೊತ್ತು ಎನ್ನುತ್ತೇವೆ. ಸಂತೆ, ಶಾಲೆ, ಮದುವೆಯ ಮುಹೂರ್ತ ಎಲ್ಲವೂ ಅದರ ಆಚೆ ಈಚೆ. ಓಣಿಯ ಮನೆಗಳ ನಡುವಿನ ಗೋಡೆಗಳಿಗೆ ಬಾಗಿಲು ಕೊರೆದಿದ್ದೇವೆ, ಬಿಸಿಲು ಕಾಣದೆ ಮನೆಯಿಂದ ಮನೆಗೆ ಹೋಗಬಹುದು. ಒಳಹೊತ್ತಿನಲ್ಲಿ ಓಣಿಯವರೆಲ್ಲ ಒಂದು ಮನೆಯಲ್ಲಿ ಸೇರಿ ರೊಟ್ಟಿ ತಟ್ಟುತ್ತಾ, ಕಾಳು ಬಿಡಿಸುತ್ತಾ, ಹಳೆಯ ಸಿನಿಮಾ ನೋಡುತ್ತಾರೆ. ಅಂಥ ಮನೆಗೆ ಕೇಳ್ಮನೆ ಎಂದು ಹೆಸರು. ನಮ್ಮ ಓಣಿಯ ಕೇಳ್ಮನೆ ನಮ್ಮದೇ. ನೀವು ಕೂಡಿಸಿಟ್ಟ ಸಿನಿಮಾಗಳೆಲ್ಲ ಆ ಸೆಟ್ಟಿನ ತಾಯಿಡಬ್ಬಿಯಲ್ಲೇ, ಅಂದರೆ ಐದು ಡಬ್ಬಿಗೂ ಸಿಗ್ನಲ್ ಕಳಿಸುವ ಪೆಟ್ಟಿಗೆಯಲ್ಲೇ ಇವೆ, ಬೇರೆ ಕಡೆ ಅವು ಓಡುವುದಿಲ್ಲ. ಚಿತ್ರ ಗೋಡೆಯ ಮೇಲೆ ಈಗಲೂ ಸೊಗಸಾಗಿ ಬೀಳುತ್ತದೆ. ಎಡಬಲದ ಡಬ್ಬಿಗಳು ಹಾಡುತ್ತವೆ, ಹಿಂದಿನವು ಗುಡುಗುತ್ತವೆ.

ಸತ್ತಿರುವುದು ನಡುವಿನ ಡಬ್ಬಿ ಒಂದೇ. ಮುತ್ತಜ್ಜ, ಸಿನಿಮಾದ ಮಾತೆಲ್ಲ ಬರುವುದು ನಡುವಿನ ಡಬ್ಬಿಯಿಂದ ಎಂದು ನಿಮಗೆ ಅಂಗಡಿಯಲ್ಲಿ ಯಾರಾದರೂ ಹೇಳಿದ್ದಾರೆಯೇ? ನಾನು ಕೈಗೂಸಾಗಿದ್ದಾಗ ಅದರ ಆಂಪ್ಲಿಫೈಯರ್ ಸುಟ್ಟಿತು. ಅಂದಿನಿಂದ ನಮ್ಮ ಗೋಡೆಯ ಮೇಲೆ ವಕೀಲರು ಬಾಯಿ ತೆರೆಯುತ್ತಾರೆ, ಕೇಳುವುದು ಕೋರ್ಟಿನ ಫ್ಯಾನಿನ ಸದ್ದು. ತಾಯಿ ಮಗನ ಕೆನ್ನೆ ಹಿಡಿದು ಏನೋ ಹೇಳುತ್ತಾಳೆ, ಕೇಳುವುದು ಹಿಂದೆಲ್ಲೋ ಕಾಗೆ.

ಹಿಂದಿನ ಡಬ್ಬಿಯನ್ನು ತಂದು ನಡುವೆ ಇಡಿ ಎನ್ನುತ್ತೀರಿ. ಇಟ್ಟೆವು. ಪ್ಯಾಸಿವ್ ಆಗಿದ್ದರೆ ವೈರು ಬದಲಿಸಿದರೆ ಸಾಕಿತ್ತು. ಇವು ತಮ್ಮ ತಮ್ಮ ಜಾಗವನ್ನು ತಲೆಯಲ್ಲಿ ಬರೆದುಕೊಂಡಿವೆ. ಎಲ್ಲಿಟ್ಟರೂ ಹಿಂದಿನದು ಹಿಂದಿನದೇ, ಗುಡುಗುವುದೇ. ನಡುವಿನ ಡಬ್ಬಿ ಇಲ್ಲ ಎಂದು ತಾಯಿಡಬ್ಬಿಗೆ ತಿಳಿಸಿದರೆ ಮಾತನ್ನೆಲ್ಲ ಎಡಬಲಕ್ಕೆ ಹಂಚುತ್ತದಂತೆ. ತಿಳಿಸಲು ಒಂದು ಆ್ಯಪ್ ಬೇಕು. ಆ್ಯಪ್ ನಿಮ್ಮ ಫೋನಿನಲ್ಲಿತ್ತು. ಫೋನೂ ಇಲ್ಲ, ಆ್ಯಪ್ ಮಾಡಿದ ಕಂಪನಿಯೂ ಇಲ್ಲ, ನೀವೂ ಇಲ್ಲ. ಯಾರ ಮೇಲೆ ಎಗರಾಡಲಿ ಹೇಳಿ?

ಅವ್ವನಿಗೆ ಆಗ ಆ ಸಿನಿಮಾಗಳ ಮಾತುಗಳೆಲ್ಲ ಬಾಯಿಪಾಠವಾಗಿದ್ದವು. ಡಬ್ಬಿ ಸತ್ತ ಮರುದಿನ, ಓಣಿಯವರು ಬೇಸರದಿಂದ ಎದ್ದು ಹೊರಟಾಗ, ಅವಳು ಗೋಡೆಯ ಪಕ್ಕ ಕೂತು ತಾನೇ ಹೇಳತೊಡಗಿದಳಂತೆ. ಖಳನಿಗೆ ಗಂಟಲು ಇಳಿಸಿ, ನಾಯಕಿಗೆ ಎಳೆದು, ಫೋನಿನಲ್ಲಿ ಮಾತಾಡುವವನಿಗೆ ಮೂಗು ಹಿಡಿದು. ನಲವತ್ತು ವರ್ಷವಾಯಿತು, ಇನ್ನೂ ಹೇಳುತ್ತಿದ್ದಾಳೆ. ಓಣಿಯವರು, "ಇಂದ್ರವ್ವ ಇರೂತನಕ ನಮಗ ಸ್ಪೀಕರ್ ಯಾಕ ಬೇಕ್ರಿ!" ಎಂದು ಹೊಗಳುತ್ತಾರೆ. ಹೊಗಳಿಕೆಗೇನು, ಪುಕ್ಕಟೆ. ಒಳಹೊತ್ತು ಮುಗಿದ ಮೇಲೆ ಜೀರಿಗೆ ನೀರು ಕಾಯಿಸಿ ಅವಳ ಗಂಟಲಿಗೆ ಕೊಡುವವಳು ನಾನು.

ಈಚೆಗೆ ಅವಳಿಗೆ ಮಾತುಗಳು ಕಲೆಸಿಹೋಗುತ್ತಿವೆ. ಮೊನ್ನೆ ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಿಯ ಬಾಯಲ್ಲಿ ಖಳನ ಮಾತು ಬಂತು: "ನಿನ್ನನ್ನು ಸುಮ್ಮನೆ ಬಿಡ್ತೀನಿ ಅನ್ಕೊಂಡ್ಯಾ?" ಹಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅವ್ವ ನಗಲಿಲ್ಲ, ಎದ್ದು ಅಡುಗೆಮನೆಗೆ ಹೋದಳು. ನಾನು ಹಿಂದೆ ಹೋದಾಗ ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ಮರಿಯೂದಕ್ಕ ದುಃಖ ಇಲ್ಲವಾ ನಾಗೀ. ಒಮ್ಮೆರ ನಾನೂ ಎಲ್ಲಾರ ಗತೆ ಬಾಯಿ ಮುಚ್ಚಿಕೊಂಡು ಕುಂತು ಕೇಳಬೇಕಂತ ಆಸೆ ಐತಿ. ಈ ಮಾತು ಅವ್ರು ಹೆಂಗ ಆಡಿದ್ರು ಅನ್ನೂದ ನನಗೀಗ ನೆನಪಿಲ್ಲ. ಬರೇ ನನ್ನ ದನಿನ ಕಿವ್ಯಾಗ ಕುಂತೈತಿ."

ಇಷ್ಟು ವರ್ಷ ನಾವೆಲ್ಲ ಕೂತು ಸಿನಿಮಾ ನೋಡಿದೆವು, ಅವಳು ಒಬ್ಬಳೇ ದುಡಿದಳು. ದಾವಲಬಿಯನ್ನು ಕರೆದು ತೋರಿಸಿದೆ. ಅವಳು ಡಬ್ಬಿಗೆ ಕಿವಿ ಹಚ್ಚಿ, ದೀಪ ನೋಡಿ, "ಸಿಗ್ನಲ್ ಬರಾಕತ್ತೈತಿ, ಕೋನೂ ಚಲೋ ಇದ್ದೀತು. ಒಳಗಿಂದು ಆಂಪ್ಲಿಫೈಯರ್ ಅಷ್ಟ ಸುಟ್ಟೈತಿ. ಡಬ್ಬಿ ಬಿಚ್ಚಿ ಅದನ್ನ ಬಿಟ್ಟು, ಆ ಸಿಗ್ನಲ್ ನಮ್ಮ ಮನಿ ಆಂಪ್ಲಿಫೈಯರಿಗೆ ಕೊಟ್ಟು, ಅಲ್ಲಿಂದ ನೆಟ್ಟಗ ಕೋನಿಗೆ ವೈರ್ ಕೊಡೂಣು" ಎಂದಳು. ಅಂದರೆ ಆಕ್ಟಿವನ್ನು ಪ್ಯಾಸಿವ್ ಮಾಡೋಣ ಎಂದಳು. ಒಂದು ಒಳಹೊತ್ತಿನ ಕೆಲಸ.

ಅವ್ವ ಬಿಡಲಿಲ್ಲ. ಯಾಕೆಂದರೆ ನೀವು.

ಸೆಟ್ ತಂದ ದಿನ ನಿಮ್ಮ ಮಗ ಸ್ಕ್ರೂಡ್ರೈವರ್ ಹಿಡಿದು ಡಬ್ಬಿಯ ಹಿಂದಿನ ಸೀಲಿನ ಮೇಲೆ ಕೈ ಇಟ್ಟಾಗ ನೀವು ಮನೆ ಹಾರಿಹೋಗುವಂತೆ ಕೂಗಿದಿರಂತೆ: "ಇದನ್ನ ಬಿಚ್ಚಿದವ್ರು ನನ್ನ ಮನ್ಯಾಗ ಇರಬ್ಯಾಡ್ರಿ!" ನೀವು ಕೂಗಿದ್ದು ವಾರಂಟಿ ಹೋದೀತೆಂಬ ಭಯಕ್ಕೆ. ಆ ವಾರಂಟಿ ಇದ್ದದ್ದು ಒಂದು ವರ್ಷಕ್ಕೆ. ವರ್ಷ ಕಳೆದ ಮೇಲೆ ನಿಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ನಿಮಗೆ ಹೊಳೆಯಲಿಲ್ಲ. ನಿಮ್ಮ ಮಗ ತನ್ನ ಮಗಳಿಗೆ ಹೇಳಿದ, ಅವಳು ನನ್ನ ಅವ್ವನಿಗೆ ಹೇಳಿದಳು. ಈಗ ಅದು ಮನೆತನದ ಕಟ್ಟಳೆ. ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಆ ಸೀಲಿಗೆ ವಿಭೂತಿ ಹಚ್ಚಿ ಹೂವು ಏರಿಸುತ್ತೇವೆ. ನಾನು ಕೈಮುಗಿದು ಬೇಡಿಕೊಂಡರೂ ಅವ್ವ, "ಹಿರ್‍ಯಾರು ಬ್ಯಾಡ ಅಂದದ್ದನ್ನ ನಾ ಹೆಂಗ ಹೂಂ ಅನ್ನಲಿ? ನನ್ನ ಆಸೆಕ್ಕ ಅವರ ಮಾತು ಮುರೀಲೇನು?" ಎನ್ನುತ್ತಾಳೆ. ಅವಳು ಇಲ್ಲದಾಗ ಕದ್ದು ಬಿಚ್ಚಬಹುದು, ನನಗೇನೂ ಕಷ್ಟವಲ್ಲ. ಆದರೆ ಹಾಗೆ ಬಿಚ್ಚಿದ ಡಬ್ಬಿಯ ಎದುರು ಅವಳು ಒಂದು ಕ್ಷಣವೂ ಕೂರುವುದಿಲ್ಲ.

ಆದ್ದರಿಂದ ಮುತ್ತಜ್ಜ, ಕೇಳಿ. ಸಾಧ್ಯವಾದರೆ ಪ್ಯಾಸಿವ್ ತನ್ನಿ. ಗ್ರಾನೈಟಿನ ಅಂಚಿಗೆ ಪಟ್ಟಿ ಹೊಡೆಸಿ ಅದರೊಳಗೆ ವೈರು ಎಳೆಸಿದರೆ ಮುತ್ತಜ್ಜಿಗೂ ಕಾಣುವುದಿಲ್ಲ. ಮುತ್ತಜ್ಜಿ ಒಪ್ಪದಿದ್ದರೆ, ಅಥವಾ ಅಂಗಡಿಯಲ್ಲಿ ಆಕ್ಟಿವ್ ದನಿ ಕೇಳಿ ನಿಮಗೇ ಮನಸ್ಸು ತಡೆಯದಿದ್ದರೆ, ಅದನ್ನೇ ತನ್ನಿ. ಬಯ್ಯುವುದಿಲ್ಲ. ಸೆಟ್ ತಂದ ದಿನ ಮಗನ ಮೇಲೆ ಕೂಗಿರಿ ಬೇಕಾದರೆ, ನಿಮ್ಮ ಕೋಪ ನಮಗೂ ಬಂದಿದೆ. ಆದರೆ ವರ್ಷ ಕಳೆದ ಮೇಲೆ, ಯಾವುದಾದರೂ ಊಟದ ಹೊತ್ತಿಗೆ, ಮಗನ ಕಿವಿಗೆ ಬೀಳುವಂತೆ ಒಂದು ಮಾತು ಹೇಳಿ: "ಕೆಟ್ರ ಬಿಚ್ಚಿ ನೋಡ್ರಪಾ." ಇಷ್ಟೇ. ನಿಮ್ಮ ಬೈಗುಳ ನಾಲ್ಕು ತಲೆಮಾರು ದಾಟಿ ಬಂದಿದೆ. ಈ ಮಾತೂ ಬರುತ್ತದೆ.

ಉತ್ತರಕ್ಕೆ ನಾನು ಕಾಯುವುದಿಲ್ಲ, ಅಂಥ ಅಂಚೆ ಇಲ್ಲ. ನಾಳೆ ಬಿಸಿಲೇರಿ ಓಣಿಯವರು ಬಂದು ಕೂತಾಗ ಅವ್ವ ಎಂದಿನಂತೆ ಗೋಡೆಯ ಪಕ್ಕ ಕೂತು ಗಂಟಲು ಸರಿಮಾಡಿಕೊಂಡರೆ, ನೀವು ಮರೆತಿರಿ ಎಂದು ತಿಳಿದು ಜೀರಿಗೆ ನೀರು ಕಾಯಿಸಲು ಹೋಗುತ್ತೇನೆ. ಹಾಗಾಗದೆ ಅವಳು, ನಮ್ಮಜ್ಜ (ಅಂದರೆ ನಿಮ್ಮ ಮಗ) ಯಾವಾಗಲೂ ಹೇಳುತ್ತಿದ್ದ ಎಂದು ಯಾವುದೋ ಹಳೆಯ ಮಾತನ್ನು ನೆನೆದು ನನ್ನ ಕಡೆ ಕೈ ಚಾಚಿ ಸ್ಕ್ರೂಡ್ರೈವರ್ ಕೇಳಿದರೆ, ಪತ್ರ ಮುಟ್ಟಿತೆಂದು ತಿಳಿಯುತ್ತೇನೆ. ಸ್ಕ್ರೂಡ್ರೈವರನ್ನು ಈಗಲೇ ಸೆರಗಿಗೆ ಕಟ್ಟಿಕೊಂಡಿದ್ದೇನೆ.

ನಿಮ್ಮ ಮೇಲೆ ಸಿಟ್ಟಿರುವ, ನಿಮ್ಮದೇ ಕುಡಿ,
ಅಕ್ಕನಾಗಮ್ಮ