ಬಲಗೈಗೆ ಕಟ್ಟಿದ ವಾಚು

ಸಿಂಧಘಟ್ಟ,
13-2-1996, ಮಂಗಳವಾರ ಬೆಳಗ್ಗೆ

ಪ್ರೀತಿಯ ಮೊಮ್ಮಗಳು ಪವಿತ್ರಳಿಗೆ,

ಆರೋಗ್ಯವಾಗಿದ್ದೀಯಾ? ಮೈಸೂರಿನ ಹಾಸ್ಟೆಲ್ ನೀರಿಗೆ ಹಿಡಿದ ಕೆಮ್ಮು ಬಿಟ್ಟಿತೇ? ನಿಮ್ಮಮ್ಮ ಕೊಟ್ಟ ಕಷಾಯದ ಪುಡಿಯನ್ನು ಟ್ರಂಕಿನ ತಳದಲ್ಲಿ ಇಟ್ಟುಕೊಂಡಿರಬೇಡ, ಕುಡಿ. ನಿಮ್ಮಮ್ಮ ಒಬ್ಬಳನ್ನು ಬಿಟ್ಟರೆ ಊರಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ತಾತ ಚಿನಕುರಳಿ ಬಿಟ್ಟು ಸಿಂಧಘಟ್ಟದಿಂದ ಯಾಕೆ ಬರೆಯುತ್ತಿದ್ದಾನೆ ಎಂದು ಹುಬ್ಬು ಗಂಟಿಕ್ಕಿರುತ್ತೀಯ. ಹೌದು ಮಗಳೇ, ನಿನಗೆ ಗೊತ್ತುಮಾಡಿರುವ ಗಂಡಿನ ಮನೆಯ ಜಗುಲಿಯ ಮೇಲೇ ಕೂತಿದ್ದೇನೆ. ಸೀಮೆಹಸು ನೋಡಿಕೊಂಡು ಬರುತ್ತೇನೆ ಎಂದು ನಿಮ್ಮಪ್ಪನಿಗೆ ಸುಳ್ಳು ಹೇಳಿ ಮೊದಲ ಬಸ್ಸಿಗೇ ಬಂದೆ.

ಭಾನುವಾರ ನಾವು ಆರು ಜನ ಗಂಡಸರು ಗಂಡಿನ ಮನೆ ನೋಡಲು ಇಲ್ಲಿಗೆ ಬಂದಿದ್ದೆವಲ್ಲ, ಊಟಕ್ಕೆ ಮುಂಚೆ ನಿಮ್ಮಪ್ಪ ಚಿಕ್ಕಸ್ವಾಮಿ ಹೊಸ ವಾಚು ತೆಗೆದು ಹುಡುಗನಿಗೆ ಕಟ್ಟಲು ಹೋದ. ಕುಮಾರ ಬಲಗೈ ಚಾಚಿದ. ಎಡಗೈ ಕೊಡಪ್ಪ ಎಂದರೆ ಕೊಡಲಿಲ್ಲ. ಅವನ ಅಪ್ಪ ಚೌಡಯ್ಯ ನಡುವೆ ಬಾಯಿ ಹಾಕಿ, ‘ಅವ್ನಿಗೆ ಬಲಗೈಗೇ ರೂಢಿ ಬುಡಿ, ಈಗಿನ್ ಉಡುಗ್ರು ಸ್ಟೈಲು’ ಎಂದು ನಕ್ಕ. ನಾವೂ ನಕ್ಕೆವು. ಆದರೆ ಆಮೇಲೆ ಯಾರಿಗೂ ಊಟ ಸೇರಲಿಲ್ಲ.

ಮನೆಗೆ ಬಂದು ಹೇಳಿದ್ದೇ ತಡ, ನನ್ನ ತಂಗಿ ಚಿಕ್ಕಬೋರಮ್ಮ ಹಿಡಿದುಕೊಂಡಳು. ಹುಡುಗ ಎಡಚ, ಎಡಚರು ಬಲಗೈಗೇ ಕಟ್ಟಿಕೊಳ್ಳುವುದು ಎಂದು ನಿಮ್ಮಪ್ಪ ಸಮಾಧಾನ ಹೇಳಿದ. ಅವಳು ಬಿಟ್ಟಾಳೆಯೇ? ‘ಲೇ ಚಿಕ್ಕಸ್ವಾಮಿ, ಡೇರಿ ವಿಳಾಸವ ಬಲಗೈಲೇ ಬರ್ಕೊಟ್ಟ ಅಂತ ಈಗ್ತಾನೆ ಅಂದಲ್ಲ. ಅಂಗಾರೆ ಅದ್ಯಾವ್ ಸೀಮೆ ಎಡಚ್ನೋ? ಎಡಗೈಲಿ ಏನ್ ಬಚ್ಚಿಟ್ಟವ್ನೆ ಅಂತ ನೋಡ್ಬ್ಯಾಡ್ವೇನ್ಲಾ?’ ಎಂದಳು. ನಿನ್ನೆ ಸಂಜೆಯೊಳಗೆ ಬೀದಿಯವರ ಬಾಯಲ್ಲಿ ಅದು ತೊನ್ನಾಗಿ, ತೊನ್ನು ಹೋಗಿ ಹೆಸರು ಹೇಳಬಾರದ ಕಾಯಿಲೆಯಾಗಿತ್ತು. ನಿಮ್ಮಪ್ಪನ ಹಟ ನಿನಗೆ ಗೊತ್ತು. ಕೊಟ್ಟ ಮಾತು ತಪ್ಪಲಾರೆ, ಬುಧವಾರ ಬೆಳಗ್ಗೆಯೇ ಪಾಂಡವಪುರಕ್ಕೆ ಹೋಗಿ ಲಗ್ನಪತ್ರಿಕೆ ಅಚ್ಚಿಗೆ ಕೊಡುತ್ತೇನೆ ಎಂದು ಕೂತಿದ್ದಾನೆ. ನಿಮ್ಮಮ್ಮ ಬೈರಮ್ಮ ನಿನ್ನೆಯಿಂದ ಮುದ್ದೆ ಮುಟ್ಟಿಲ್ಲ.

ಇವತ್ತು ನಾನು ಹೇಳದೆ ಕೇಳದೆ ಇವರ ಹಟ್ಟಿಗೆ ಕಾಲಿಟ್ಟಾಗ, ಕುಮಾರನ ತಾಯಿ ಸಿದ್ದಲಿಂಗಮ್ಮ ಮಗನ ಬಲಗೈಗೆ ವಾಚು ಕಟ್ಟುತ್ತಿದ್ದಳು. ಇಪ್ಪತ್ತಾರು ವರ್ಷದ ಗಂಡಸು ಶಾಲೆಗೆ ಹೊರಟ ಹುಡುಗನ ಹಾಗೆ ಕೈ ನೀಡಿ ನಿಂತಿದ್ದ. ನನ್ನನ್ನು ಕಂಡು ಆಕೆಯ ಬೆರಳು ಹಾಗೇ ನಿಂತುಬಿಟ್ಟವು. ಚೌಡಯ್ಯ ಓಡಿಬಂದು ನನ್ನನ್ನು ಕೊಟ್ಟಿಗೆಯ ಕಡೆಗೆ ಎಳೆದುಕೊಂಡು ಹೋದ. ‘ಯಜಮಾನ್ರೇ, ಇದ್ರಿಂದ್ಲೇ ಮೂರು ಸಂಬಂಧ ಮುರ್ದೋಗವೆ. ಪತ್ರಿಕೆ ಆಗೋಗಂಟ ಬಾಯ್ ಬುಡ್ಬ್ಯಾಡಿ, ನಿಮ್ ಕಾಲ್ ಇಡ್ಕತೀನಿ’ ಎಂದ. ನನಗಿಂತ ಹತ್ತೇ ವರ್ಷ ಚಿಕ್ಕವನು, ನಿಜವಾಗಿಯೂ ಬಗ್ಗಿದ. ನಾನು ಹಿಂದೆ ಸರಿದೆ.

ಅಷ್ಟರಲ್ಲಿ ಕುಮಾರ ಬಂದು ಅಂಗಿಯ ತೋಳು ಮೇಲೇರಿಸಿದ. ತೊನ್ನೂ ಇಲ್ಲ, ಕಾಯಿಲೆಯೂ ಇಲ್ಲ ಕಣವ್ವ. ಏಳು ವರ್ಷದ ಕೆಳಗೆ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಎಡಗೈ ಸಿಕ್ಕಿಕೊಂಡಿತಂತೆ. ನಾಟಿ ಕಟ್ಟು ಕಟ್ಟಿಸಿ ಮೂಳೆ ಸೊಟ್ಟ ಕೂತಿದೆ. ಮಣಿಕಟ್ಟು ತಿರುಗುವುದಿಲ್ಲ, ಮುಷ್ಟಿ ಅರ್ಧಕ್ಕೇ ನಿಲ್ಲುತ್ತದೆ. ಆ ಕೈಗೆ ವಾಚು ಕಟ್ಟಿದರೆ, ಗಂಟೆ ಎಷ್ಟು ಎಂದು ಯಾರಾದರೂ ಕೇಳಿದಾಗ ತಿರುಗಿಸಿ ನೋಡಬೇಕಲ್ಲ, ಅದಾಗದು. ಬಲಗೈಗೆ ಕಟ್ಟಿಕೊಳ್ಳೋಣ ಎಂದರೆ ಎಡಗೈ ಬೆರಳಿಗೆ ಪಟ್ಟಿ ಹಿಡಿಯುವ ಶಕ್ತಿ ಇಲ್ಲ. ಹಾಗಾಗಿ ದಿನಾ ತಾಯಿಯೇ ಕಟ್ಟಬೇಕು. ಸೈಕಲ್ ತುಳಿಯುತ್ತಾನೆ, ಡೇರಿಯ ಕೆಲಸ ಪೂರ್ತಿ ಮಾಡುತ್ತಾನೆ. ಹಸುವನ್ನು ಮಾತ್ರ ಒಂದೇ ಕೈಯಲ್ಲಿ ಕರೆಯುತ್ತಾನೆ. ಕರೆದು ತೋರಿಸು ಎಂದೆ, ತೋರಿಸಿದ. ‘ಎಣ್ ನೋಡಕ್ ಬಂದ್ ದಿನ್ವೇ ಏಳ್ಬೇಕು ಅಂತಿದ್ದೆ ತಾತ. ಅಪ್ಪ ಬುಡ್ಲಿಲ್ಲ. ಅಪ್ಪನ್ ಮೇಲ್ ಆಕ್ಬಾರ್ದು, ನಂಗೂ ದೈರ್ಯ ಸಾಲ್ಲಿಲ್ಲ’ ಎಂದ.

ನನಗೆ ಹುಡುಗ ಒಪ್ಪಿಗೆ, ಮುಚ್ಚಿಟ್ಟು ಹೇಳಲಾರೆ. ಆದರೆ ಈ ಮನೆಯವರು ಮೊದಲ ದಿನವೇ ನಮ್ಮ ಕಣ್ಣಿಗೆ ಮಣ್ಣು ಹಾಕಲು ನೋಡಿದರು ಎಂಬುದೂ ಅಷ್ಟೇ ನಿಜ. ಎರಡನ್ನೂ ತೂಗಬೇಕಾದವಳು ನೀನು. ಇಲ್ಲಿ ಬಾಳುವವಳು ನೀನು, ನಾನಲ್ಲ, ನಿಮ್ಮಪ್ಪನೂ ಅಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆಗೆಡಬೇಡ. ನೂರು ವರ್ಷ ತಲೆಯೆತ್ತಿ ಬಾಳು ಎಂದು ಹರಸುವ,

ನಿನ್ನ ತಾತ
ನಂಜಪ್ಪ

ಮರೆತೆ: ಅಂಚೆಗೆ ಹಾಕಿದರೆ ಇದು ನಿನ್ನ ಕೈ ಸೇರುವಷ್ಟರಲ್ಲಿ ಪತ್ರಿಕೆ ಅಚ್ಚಾಗಿಬಿಟ್ಟಿರುತ್ತದೆ. ಅದಕ್ಕೇ ಕುಮಾರನಿಗೆ ಎಲ್ಲವನ್ನೂ ಓದಿ ಹೇಳಿ, ಅವನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ನೀನು ಇದನ್ನು ಓದುವ ಹೊತ್ತಿಗೆ, ಲಕೋಟೆಯನ್ನು ಆಯಾ ಮೂಲಕ ಒಳಗೆ ಕಳಿಸಿ ಅವನು ಹಾಸ್ಟೆಲ್ ಗೇಟಿನ ಆಚೆ ನಿಂತಿರುತ್ತಾನೆ. ಹೋಗು. ಬೇಡ ಅನ್ನಿಸಿದರೆ ಅವನಿಗೇ ಹೇಳು, ನಿಮ್ಮಪ್ಪನಿಗೆ ನಾನು ಹೇಳುತ್ತೇನೆ, ಬೈಗುಳ ನನಗಿರಲಿ. ಬೇಕು ಅನ್ನಿಸಿದರೂ ಮೊದಲು ಆ ಕೈಯನ್ನು ಹಿಡಿದು ನೋಡು. ನಿನ್ನ ಮಾತು ತೆಗೆದುಕೊಂಡು ಅವನು ವಾಪಸ್ ಬರುವವರೆಗೂ ನಾನು ಅವನನ್ನು ಮೈಸೂರು ಬಸ್ಸು ಹತ್ತಿಸುವ ಕೆ.ಆರ್. ಪೇಟೆ ನಿಲ್ದಾಣ ಬಿಟ್ಟು ಕದಲುವುದಿಲ್ಲ.